ಪಾಳುಗುಡಿಯ ಮುಂದೆ ಕೂತವನು

ಅರಕಲಗೂಡಿನ ಬಸ್‌ಸ್ಟ್ಯಾಂಡಿನಿಂದ ಇಳಿದು ಬರುವ ರಸ್ತೆಯಲ್ಲಿ ಮೋಹನ್‌ಕುಮಾರನ ಸ್ಟುಡಿಯೋ ಇದೆ. ಬದುಕಿರುವವರು ಅಲ್ಲಿಗೆ ಹೋಗುವುದು ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಮಾತ್ರ. ಅವನ ಹೊಟ್ಟೆ ತುಂಬಿಸುವವರು ತೀರಿಕೊಂಡವರು. ಯಾರ ಮನೆಯಲ್ಲಾದರೂ ಹಿರಿಯರು ಹೋದರೆ ತಿಥಿಯ ದಿನಕ್ಕೆ ದೊಡ್ಡದೊಂದು ಫೋಟೋ ಆಗಬೇಕು. ರೇಷನ್ ಕಾರ್ಡಿನದೋ, ಯಾರದೋ ಮದುವೆಯ ಆಲ್ಬಮ್ಮಿನಲ್ಲಿ ಎಲೆಯ ಮುಂದೆ ಕೂತು ಬಾಯಿ ತುಂಬ ಅನ್ನ ಇಟ್ಟುಕೊಂಡದ್ದೋ, ಸಿಕ್ಕ ಮುಖ ತಂದು ಕೊಡುತ್ತಾರೆ. ಮೋಹನ್‌ಕುಮಾರ ಆ ಮುಖವನ್ನು ಬಿಡಿಸಿ, ಒಂದಿಷ್ಟು ಬೆಳ್ಳಗೆ ಮಾಡಿ, ಕಂಪ್ಯೂಟರಿನಲ್ಲಿ ಸದಾ ಸಿದ್ಧವಿರುವ ನೀಲಿ ಕೋಟಿನ ಮೇಲೆ ಕೂರಿಸುತ್ತಾನೆ. ಕೋಟು ಒಂದೇ, ಕುರ್ಚಿಯೂ ಒಂದೇ. ತಾಲ್ಲೂಕಿನ ಅರ್ಧ ಗೋಡೆಗಳ ಮೇಲೆ ಆ ಕೋಟು ಹಾರ ಹಾಕಿಸಿಕೊಂಡು ಕೂತಿದೆ. ಅಂಗಿಯ ಗುಂಡಿಯನ್ನೇ ಹಾಕದೆ ತಿರುಗಿದ ಗೌಡರಾಗಲಿ, ಕೋಟನ್ನು ಕಣ್ಣಿನಲ್ಲೂ ಕಾಣದ ಕೂಲಿಯವರಾಗಲಿ, ಅವನ ಕೈಗೆ ಸಿಕ್ಕ ಮೇಲೆ ಕೋಟು ತೊಡಲೇಬೇಕು.

"ಬದುಕಿದ್ದಾಗ ಯಾರ ಕೈಲೂ ಆಗ್ಲಿಲ್ಲ. ಸತ್ತ ಮ್ಯಾಲಾದ್ರೂ ಎಲ್ಲಾರ್ನೂ ಒಂದೇ ಮಾಡಿವ್ನಿ" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಫೋಟೋವೇ ಇಲ್ಲದವರು ಬಂದರೂ ಅವನು ಬರಿಗೈಯಲ್ಲಿ ಕಳಿಸಿದವನಲ್ಲ. ಮೂಗು ಯಾರ ಥರ, ಹಣೆ ಯಾರದು, ಮೀಸೆ ಎಷ್ಟು ಎಂದು ಕೇಳಿಕೊಂಡು, ಅಣ್ಣನ ಮೂಗು ಮತ್ತು ಚಿಕ್ಕಪ್ಪನ ಗಲ್ಲ ಸೇರಿಸಿ ಒಬ್ಬ ತಂದೆಯನ್ನು ಹುಟ್ಟಿಸಿಬಿಡುತ್ತಿದ್ದ. ಮನೆಯವರು ನೋಡಿ ಗಳಗಳನೆ ಅಳುತ್ತಿದ್ದರು. ಅತ್ತರೆ ಕೆಲಸ ಚೆನ್ನಾಗಿದೆ ಎಂದು ಅರ್ಥ.

ಇಂಥ ಮೋಹನ್‌ಕುಮಾರನ ಮನೆಯ ಗೋಡೆಯ ಮೇಲೆ ಅವನ ಅಪ್ಪನ ಫೋಟೋ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಅಪ್ಪ ಲಕ್ಕಯ್ಯ ಜ್ವರ ಬಂದು ಸತ್ತಾಗ ಇವನಿನ್ನೂ ಎದೆಹಾಲು ಕುಡಿಯುವ ಕೂಸು. ಕಟ್ಟಾಯದಾಚೆಯ ಅವನ ಹುಟ್ಟೂರಿನಲ್ಲಿ ಆಗ ಫೋಟೋ ತೆಗೆಯುವವನು ಬರುತ್ತಿದ್ದುದು ಪಟೇಲರ ಮನೆಯ ಮದುವೆಗೆ ಮಾತ್ರ. ಅಪ್ಪನ ಬಗ್ಗೆ ಮೋಹನ್‌ಕುಮಾರನಿಗೆ ಗೊತ್ತಿದ್ದದ್ದು ಒಂದೇ ಒಂದು ಸಂಗತಿ. ಕೆಲಸ ಮುಗಿದ ಮೇಲೆ ಟವೆಲನ್ನು ಸೊಂಟದಿಂದ ಸುತ್ತಿ ತಂದು ಮೊಣಕಾಲಿಗೆ ಬಿಗಿದುಕೊಂಡು ಕೂರುತ್ತಿದ್ದನಂತೆ. ಸೋದರಮಾವ ಯಾವತ್ತೋ ಹೇಳಿದ್ದು. ಅವ್ವ ಮುದ್ದಮ್ಮನನ್ನು ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಕೇಳಿದರೆ ಅವ್ವ ಅಳುತ್ತಾಳೆ ಎಂಬ ಹೆದರಿಕೆ. ಊರವರ ಕಣ್ಣೀರೇ ಬಂಡವಾಳವಾಗಿದ್ದವನಿಗೆ ಅವ್ವನದ್ದೊಂದು ಹನಿ ಕಂಡರಾಗದು. ಪ್ರತಿವರ್ಷ ಹಿರಿಯರ ಹಬ್ಬದಲ್ಲಿ ಅವ್ವ ಒಂದು ಕಳಸ ಇಟ್ಟು, ಅದರ ಮುಂದೆ ಹೊಸ ಪಂಚೆ ಮಡಗಿ, ಎಡೆ ಬಡಿಸುವುದನ್ನು ನೋಡುವಾಗ ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಕಂಡವರ ಅಪ್ಪಂದಿರಿಗೆಲ್ಲ ಕೋಟು ತೊಡಿಸುವ ಮಗ, ಸ್ವಂತ ಅಪ್ಪನಿಗೆ ಒಂದು ಚೆಂಬು!

ಅವ್ವನ ಕಣ್ಣು ಮಂಜಾಗುವುದರೊಳಗೆ ಅಪ್ಪನ ಮುಖ ತಂದು ಅವಳ ಮುಂದೆ ಇಡಬೇಕು ಎಂಬುದು ಅವನ ಆಸೆ. ಅದೊಂದೇ ಆಸೆ ಅವನನ್ನು ಇಷ್ಟು ಕುಣಿಸಿತು.

ಹಾಸನದಲ್ಲಿ ಗಂಗಾಧರಯ್ಯನವರೆಂಬ ನಿವೃತ್ತ ಮೇಷ್ಟ್ರು ಇದ್ದಾರೆ. ಹಳೆಯ ಗುಡಿಗಳನ್ನು ಉಳಿಸಿ ಎಂದು ಊರೂರು ತಿರುಗುವವರು. ಅವರು ಒಂದು ಪ್ರದರ್ಶನ ಏರ್ಪಡಿಸಿ, ಚಿತ್ರಗಳಿಗೆ ಗಾಜಿನ ಕಟ್ಟು ಹಾಕುವ ಕೆಲಸವನ್ನು ಮೋಹನ್‌ಕುಮಾರನಿಗೆ ಒಪ್ಪಿಸಿದರು. ಸುಮಾರು ಇನ್ನೂರು ವರ್ಷದ ಕೆಳಗೆ ಕುದುರೆ, ಡೇರೆ, ಅಡುಗೆಯವನ ಸಮೇತ ಈ ಸೀಮೆಯಲ್ಲಿ ಓಡಾಡಿದ ಯಾರೋ ಇಂಗ್ಲಿಷ್ ಕ್ಯಾಪ್ಟನ್ ಬರೆದ ಜಲವರ್ಣ ಚಿತ್ರಗಳ ಪ್ರತಿಗಳು ಅವು. ಆ ಪುಣ್ಯಾತ್ಮನಿಗೆ ನೆಟ್ಟಗೆ ನಿಂತ ಗುಡಿ ಕಂಡರಾಗದು. ಗೋಪುರ ಬಿದ್ದಿರಬೇಕು, ಬಿರುಕಿನಲ್ಲಿ ಆಲ ಮೊಳೆತಿರಬೇಕು, ಹಿಂದೆ ಸಂಜೆಗೆಂಪು ಇರಬೇಕು. ಎಲ್ಲ ಚಿತ್ರದಲ್ಲೂ ಸಂಜೆಯೇ. ದೊರೆ ಹೊತ್ತು ಇಳಿಯುವ ತನಕ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲವೇನೋ ಎಂದುಕೊಂಡು ಮೋಹನ್‌ಕುಮಾರ ಗಾಜು ಒರೆಸುತ್ತಿದ್ದ. ಒಂದು ಚಿತ್ರ ಬಂತು ನೋಡಿ, ಗಾಜು ಕೈಯಿಂದ ಜಾರುವುದೊಂದು ಬಾಕಿ.

'ಅರಕಲಗೂಡಿನ ದಾರಿಯಲ್ಲಿ ಒಂದು ಪಾಳುಗುಡಿ' ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ಗುಡಿಯ ಜಗಲಿಯ ಮೇಲೆ ಒಬ್ಬ ಮನುಷ್ಯ. ಬರಿಮೈ, ತಲೆಗೊಂದು ವಸ್ತ್ರ. ಟವೆಲನ್ನು ಸೊಂಟದಿಂದ ಸುತ್ತಿ ಮೊಣಕಾಲಿಗೆ ಬಿಗಿದುಕೊಂಡು ಕೂತಿದ್ದಾನೆ!

ಮೋಹನ್‌ಕುಮಾರನ ಊರಿನಾಚೆ ಹೊಲದ ನಡುವೆ ಚಾವಣಿ ಬಿದ್ದ ಈಶ್ವರನ ಗುಡಿಯೊಂದಿದೆ. ಅವನ ಹಿರೀಕರು ಅದರ ಸುತ್ತಲೇ ಪಟೇಲರ ದನ ಕಾಯುತ್ತಿದ್ದರಂತೆ. ಇನ್ನೇನು ಬೇಕು? ಚಿತ್ರದಲ್ಲಿ ಗುಡಿಯ ಹಿಂದೆ ಒಂದು ಗುಡ್ಡವಿತ್ತು, ಊರಿನಲ್ಲಿ ಗುಡ್ಡವಿರಲಿಲ್ಲ. ಯಾರೋ ಜಲ್ಲಿಗೆ ಒಡೆದು ಮಾರಿಕೊಂಡಿರಬೇಕು ಎಂದುಕೊಂಡ. ಚಿತ್ರದಲ್ಲಿ ಹೊಳೆಯೂ ಹರಿಯುತ್ತಿತ್ತು. ಅದಕ್ಕೂ ಅವನ ಹತ್ತಿರ ಉತ್ತರವಿತ್ತು: ಬತ್ತಿರಬೇಕು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಇವನ ಕಣ್ಣಿಗೆ ಕಂಡದ್ದು ಮುತ್ತಜ್ಜನ ಅಪ್ಪ. ಆ ಕೂರುವ ಠೀವಿ ಅಲ್ಲಿಂದ ಇಳಿದು ಅಪ್ಪನಿಗೆ ಬಂದಿದೆ, ಠೀವಿ ಬಂದ ಮೇಲೆ ಮುಖ ಬಾರದೆ ಇರುತ್ತದೆಯೇ? ಮುಖ ಸಿಗದಾಗ ರಕ್ತಸಂಬಂಧಿಯ ಮುಖ ತೆಗೆದುಕೊಳ್ಳುವುದು ಅವನ ಕಸುಬಿನ ನಿಯಮ.

ಅಂಗಡಿಯ ಬಾಗಿಲು ಎಳೆದುಕೊಂಡು ಕೂತು ಆ ಮನುಷ್ಯನನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ. ಚಿತ್ರದಲ್ಲಿ ಅವನ ತಲೆ ಇದ್ದದ್ದೇ ಸಾಸಿವೆ ಕಾಳಿನಷ್ಟು. ದೊಡ್ಡದಾದಂತೆ ಮುಖ ಕಾಣಿಸುವ ಬದಲು ಮೂರು ಕಂದು ಚುಕ್ಕೆಗಳು ಕಂಡವು. ಮೋಹನ್‌ಕುಮಾರ ಎದೆಗುಂದಲಿಲ್ಲ. ಚುಕ್ಕೆಗಳ ಜಾಗದಲ್ಲಿ ಕಣ್ಣು ಇಟ್ಟ, ಹುಬ್ಬು ಇಟ್ಟ. ಮೂಗಿಗೆ ಬಂದಾಗ ಯಾರನ್ನು ಕೇಳುವುದು? ಕನ್ನಡಿ ನೋಡಿಕೊಂಡ. ಕೆಲಸ ಮುಗಿದಾಗ ಜಗಲಿಯ ಮೇಲೆ ಕೂತಿದ್ದವನು, ಸ್ವಲ್ಪ ಬೆಳ್ಳಗಿನ, ತಲೆಗೆ ವಸ್ತ್ರ ಸುತ್ತಿದ ಮೋಹನ್‌ಕುಮಾರನೇ. ಅಪ್ಪನ ಹೋಲಿಕೆ ಮಗನಿಗೆ ಬರುವುದು ಲೋಕರೂಢಿ. ಮಗನ ಹೋಲಿಕೆ ಅಪ್ಪನಿಗೆ ಬಂದದ್ದು ಇಲ್ಲೇ ಮೊದಲು. ಆದರೆ ಆಗ ಅವನಿಗೆ ಹಾಗೆ ತೋರಲಿಲ್ಲ. 'ಅಯ್ಯೋ, ನಾನು ಅಪ್ಪನ ಹಾಗೇ ಇದ್ದೀನಲ್ಲ!' ಎಂದು ಕಣ್ಣೊರೆಸಿಕೊಂಡ. ಕೋಟು ಹಾಕುವ ಮನಸ್ಸಾಗಲಿಲ್ಲ. ಗುಡಿಯ ಸಮೇತ ಹಾಗೇ ಅಚ್ಚು ಮಾಡಿ, ಕೆಳಗೆ 'ದಿವಂಗತ ಲಕ್ಕಯ್ಯ' ಎಂದು ಬರೆದು, ಒಳ್ಳೆಯ ಕಟ್ಟು ಹಾಕಿ ಊರಿಗೆ ಒಯ್ದ.

ಮುದ್ದಮ್ಮ ಸೆರಗಿನಲ್ಲಿ ಗಾಜು ಒರೆಸಿ ಬಹಳ ಹೊತ್ತು ನೋಡಿದಳು. ಒಂದು ಸಲ ಚಿತ್ರ, ಒಂದು ಸಲ ಮಗ.

"ಚೆಂದಾಗವ್ನೆ ಕಣ್ಲಾ" ಎಂದಳು. "ಇಲ್ಲೇ ತಗಲಾಕು, ಬೆಳಕು ಬೀಳ್ತದೆ."

ಅವ್ವ ಅಳಲಿಲ್ಲ. ಅಳದಿದ್ದರೆ ಕೆಲಸ ಕೆಟ್ಟಿದೆ ಎಂಬ ತನ್ನದೇ ನಿಯಮವನ್ನು ಮೋಹನ್‌ಕುಮಾರ ಆ ದಿನ ಮರೆತ. ಮೊಳೆ ಹೊಡೆದು ಚಿತ್ರ ತೂಗುಹಾಕಿ, ಅದರ ಪಕ್ಕ ನಿಂತು ಸೆಲ್ಫಿ ತೆಗೆದು, 'ಇನ್ನೂರು ವರ್ಷಗಳ ನಂತರ ಮನೆಗೆ ಬಂದ ಹಿರಿಯರು' ಎಂದು ಸ್ಟೇಟಸ್ಸಿಗೆ ಹಾಕಿಕೊಂಡ.

ಹಾಸನದಲ್ಲಿ ಪ್ರದರ್ಶನ ನಡೆದ ಮೇಲೆ ಚಿತ್ರಗಳು ಹೊಳೆನರಸೀಪುರಕ್ಕೂ ಹೋಗಿ ಬಂದವು. ಎರಡೂ ಕಡೆ ಮೋಹನ್‌ಕುಮಾರ ಆ ಚಿತ್ರದ ಪಕ್ಕದಲ್ಲೇ ನಿಂತು, ಕೇಳಿದವರಿಗೂ ಕೇಳದವರಿಗೂ ವಂಶಾವಳಿ ಹೇಳಿದ. ಆ ಸುದ್ದಿ ಊರಿನ ಪಟೇಲರ ಮನೆಯ ಕೃಷ್ಣಪ್ಪನ ಕಿವಿಗೆ ಬಿತ್ತು. ಕೃಷ್ಣಪ್ಪ ಶುಂಠಿ ಬೆಳೆಯುವವನು. ಪಟೇಲಿಕೆ ಹೋಗಿ ಎಷ್ಟೋ ಕಾಲವಾದರೂ ಕುರ್ಚಿಯಲ್ಲಿ ಕೂರುವಾಗ ಪಟೇಲನ ಹಾಗೇ ಕೂರುತ್ತಾನೆ. ಒಂದು ಬೆಳಿಗ್ಗೆ ಸ್ಟುಡಿಯೋಕ್ಕೆ ಬಂದು ಹಾಗೇ ಕೂತ.

"ಏನಯ್ಯಾ ಮೋಹನ, ನಮ್ ತಾತನ್ನ ನೀನು ಒಡ್ಕೊಂಡು ಓಗಿದೀಯಂತೆ?"

"ನಿಮ್ ತಾತನಾ ಗೌಡ್ರೇ?"

"ಮತ್ತಿನ್ಯಾರು? ಈಸ್ವರನ ಗುಡಿ ಜಗಲಿ ಮ್ಯಾಲೆ ಕುಂತವ್ರೆ. ಆ ಕಾಲ್ದಲ್ಲಿ ಜಗಲಿ ಏರ್ತಿದ್ದೋರು ಯಾರು ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

ಅದು ಇಬ್ಬರಿಗೂ ಗೊತ್ತಿದ್ದ ಮಾತೇ. ಆದರೂ ಅಂದ ಮೇಲೆ ಇಬ್ಬರಿಗೂ ಮುಜುಗರವಾಯಿತು. ಮೋಹನ್‌ಕುಮಾರನಿಗೆ ಕೋಪ ಬಂದಿತ್ತು, ಕೋಪಕ್ಕಿಂತ ಹೆಚ್ಚಾಗಿ ನೋವಾಗಿತ್ತು. ಈ ಮಾತು ತನಗೇ ಯಾಕೆ ಹೊಳೆಯಲಿಲ್ಲ ಎಂದು.

"ಪಟೇಲ್ರಾಗಿದ್ರೆ ಮೈ ಮ್ಯಾಲೆ ಒಂದು ಅಂಗಿ ಇರ್ತಿರ್ಲಿಲ್ವಾ ಗೌಡ್ರೇ?" ಎಂದ, ಸೋಲೊಪ್ಪದೆ.

"ಬ್ಯಾಸ್ಗೆ ಕಣಯ್ಯ! ಬಿಚ್ಚಿಟ್ಟವ್ರೆ. ಅದ್ಕೇ ನಿನ್ತಾವ ಬಂದಿರೋದು. ಒಂದು ಕೋಟು ಆಕು. ಕೈಗೆ ಬೆಳ್ಳಿ ಕಟ್ಟಿಂದು ಒಂದು ಕೋಲು ಕೊಡು."

ಮೋಹನ್‌ಕುಮಾರ ಹಾಕಿಕೊಟ್ಟ. ಬೇರೆ ಏನು ಮಾಡಿಯಾನು, ಗಿರಾಕಿ. ನೀಲಿ ಕೋಟು ತೊಟ್ಟ ಮನುಷ್ಯ ಟವೆಲಿನಲ್ಲಿ ಮೊಣಕಾಲು ಬಿಗಿದುಕೊಂಡು, ಬೆಳ್ಳಿಯ ಕೋಲು ಹಿಡಿದು, ಪಟೇಲರ ನಡುಮನೆಯಲ್ಲಿ ಹಾರ ಹಾಕಿಸಿಕೊಂಡ. ಅಲ್ಲಿಗೆ ಊರಿನ ಎರಡು ಕೇರಿಗಳಲ್ಲೂ ಒಬ್ಬನೇ ತಾತ ಗೋಡೆಯೇರಿದ. ಮುದ್ದಮ್ಮನಿಗೆ ವಿಷಯ ತಿಳಿದಾಗ ಎಲೆಯಡಿಕೆ ಬಾಯಿಂದ ಚೆಲ್ಲುವ ಹಾಗೆ ನಕ್ಕಳು.

"ಅಂಗಾರೆ ಗೌಡ್ರು ನಾವು ನೆಂಟ್ರಾದ್ವು ಬುಡು. ಓಗ್ಲಾ, ಅವರ ನಡುಮನೇಲಿ ಚಾಪೆ ಆಸಿಸ್ಕೊಂಡು ಉಂಡ್ಕೊಂಡು ಬಾ."

ಹಿರಿಯರ ಹಬ್ಬ ಹತ್ತಿರ ಬಂತು. ಮೋಹನ್‌ಕುಮಾರನ ಮಗಳು ಶೋಭಿತಾ ಹಾಸನದಲ್ಲಿ ಡಿಗ್ರಿ ಓದುತ್ತಿದ್ದಳು, ಹಬ್ಬಕ್ಕೆಂದು ಬಂದವಳು ಸ್ಟುಡಿಯೋದಲ್ಲಿ ಕೂತಿದ್ದಳು. ಮುಂದೆ ಚನ್ನರಾಯಪಟ್ಟಣದಲ್ಲಿ ನಡೆಯಲಿದ್ದ ಪ್ರದರ್ಶನ ಇನ್ನೂ ದೊಡ್ಡದಾಗಿ ಆಗಬೇಕೆಂದು ಗಂಗಾಧರಯ್ಯನವರು ಅದೇ ಕ್ಯಾಪ್ಟನ್ನಿನ ಇನ್ನೊಂದು ಕಂತೆ ಚಿತ್ರಗಳನ್ನು ಕಳಿಸಿದ್ದರು. ದೊರೆ ಬೇರೆ ದೇಶಗಳಲ್ಲೂ ಪಾಳು ಹುಡುಕಿಕೊಂಡು ಅಲೆದವನಂತೆ. ಒಂದೊಂದೇ ಚಿತ್ರ ಬಿಡಿಸುತ್ತಿದ್ದ ಶೋಭಿತಾ ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದಳು.

"ಅಪ್ಪಾ, ಬಾ ಇಲ್ಲಿ. ಮುತ್ತಾತ ಇಲ್ಲೂ ಇದಾರೆ."

ಅದು ಈಜಿಪ್ಟು. ಆನೆಗಾತ್ರದ ಕಂಬಗಳು, ಮರಳು, ಹಿಂದೆ ಯಥಾಪ್ರಕಾರ ಸಂಜೆಗೆಂಪು. ಮುರಿದ ಕಂಬದ ಬುಡದಲ್ಲಿ ತಲೆಗೆ ವಸ್ತ್ರ ಸುತ್ತಿ, ಟವೆಲಿನಲ್ಲಿ ಮೊಣಕಾಲು ಬಿಗಿದುಕೊಂಡು ಮುತ್ತಾತ ಕೂತಿದ್ದಾನೆ. ಮೋಹನ್‌ಕುಮಾರ ಮುಂದಿನ ಚಿತ್ರ ಎಳೆದ. ಬರ್ಮಾ, ಅಲ್ಲೂ ಇದ್ದಾನೆ. ವಿಜಾಪುರದ ಗೋರಿಯ ಮುಂದೆ ಅವನೇ ಇಬ್ಬರಾಗಿ, ಒಬ್ಬ ಎಡಕ್ಕೆ ಒಬ್ಬ ಬಲಕ್ಕೆ ಮುಖ ಮಾಡಿ, ತನ್ನೊಂದಿಗೇ ಮಾತಾಡುತ್ತ ಕೂತಿದ್ದಾನೆ.

"ಹಾಸನದಲ್ಲಿ ಗಂಗಾಧರಯ್ಯ ಮೇಷ್ಟ್ರು ಹೇಳಿದ್ರಲ್ಲಪ್ಪ" ಎಂದಳು ಶೋಭಿತಾ. "ಈ ದೊರೆಗಳು ಜಾಗದಲ್ಲಿ ನಿಂತು ಪೆನ್ಸಿಲಲ್ಲಿ ಗುಡಿ ಮಾತ್ರ ಬರ್ಕೊತಿದ್ರಂತೆ. ಬಣ್ಣ ಎಲ್ಲಾ ಆಮೇಲೆ, ಡೇರೆಗೆ ಹೋಗಿ. ಗುಡಿ ಎಷ್ಟೆತ್ತರ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ ಒಬ್ಬ ಮನುಷ್ಯನ್ನ ಕೂರಿಸೋರಂತೆ. ಆ ಮನುಷ್ಯರನ್ನ ಮೊದಲೇ ಬರೆದಿಟ್ಕೊಂಡಿರ್ತಿದ್ರಂತೆ. ನೀನು ಅವತ್ತು ಅಲ್ಲೇ ಇದ್ದೆ."

ಇದ್ದ. ಆದರೆ ಮೇಷ್ಟ್ರು ಮಾತಾಡುವಾಗ ಇವನು ಹಿಂದೆ ನಿಂತು ಯಾರಿಗೋ ವಂಶಾವಳಿ ಹೇಳುತ್ತಿದ್ದ.

ಮೋಹನ್‌ಕುಮಾರ ಸ್ಟೂಲಿನ ಮೇಲೆ ಕೂತ. ಕಂಪ್ಯೂಟರಿನ ಪರದೆಯ ಮೇಲೆ ಮುಖಕ್ಕಾಗಿ ಕಾಯುತ್ತ ನೀಲಿ ಕೋಟು ಕೂತಿತ್ತು. ಹಾವಿನ ಹೆಜ್ಜೆ ಹಾವಿಗೇ ಗೊತ್ತು ಅನ್ನುತ್ತಾರೆ. ಇಲ್ಲಿ ಒಂದು ಹಾವು ಇನ್ನೊಂದು ಹಾವಿನ ಹೆಜ್ಜೆಗೆ ಅಡ್ಡಬಿದ್ದು ಅರಿಶಿನ ಕುಂಕುಮ ಇಟ್ಟಿತ್ತು. ಇಡೀ ಜೀವಮಾನ ಒಂದೇ ಕೋಟಿನಲ್ಲಿ ಊರನ್ನೆಲ್ಲ ದಾಟಿಸಿದವನು, ಒಂದೇ ಮನುಷ್ಯನಲ್ಲಿ ಲೋಕವನ್ನೆಲ್ಲ ದಾಟಿಸಿದವನ ಕೈಯಲ್ಲಿ ಪಿಗ್ಗಿ ಬಿದ್ದಿದ್ದ. ಅವನಿಗೆ ಮೊದಲು ನಗು ಬಂತು, ಮಗಳು ಗಾಬರಿಯಾಗುವಷ್ಟು ನಕ್ಕ. ಆಮೇಲೆ ಮನೆಯ ಗೋಡೆ ನೆನಪಾಯಿತು, ನಗು ನಿಂತಿತು.

ಕೃಷ್ಣಪ್ಪನಿಗೆ ಹೇಳುವುದು ಸುಲಭವಾಗಿತ್ತು. ಫೋನು ಮಾಡಿ, "ಗೌಡ್ರೇ, ತಪ್ಪಾಯ್ತು. ನಿಮ್ ತಾತ ಈಜಿಪ್ಟಲ್ಲೂ ಕುಂತವ್ರೆ, ಬರ್ಮಾದಲ್ಲೂ ಕುಂತವ್ರೆ" ಎಂದ.

"ಅಷ್ಟು ದೂರ ಓಗಿದ್ರಾ!" ಎಂದ ಕೃಷ್ಣಪ್ಪ. "ಆ ದೊರೆ ಜೊತೇಲಿ ಕರ್ಕೊಂಡು ಓಗವ್ನೆ ಕಣಯ್ಯ. ಪಟೇಲ್ರಿಲ್ದೆ ದೊರೆಗಳಿಗೆ ಕೆಲ್ಸ ಎಲ್ಲಿ ಆಯ್ತಿತ್ತು? ಆ ಈಜಿಪ್ಟಿಂದ್ಕೂ ಒಂದು ಕಟ್ಟು ಆಕಿಸ್ಬುಡು, ಬೀಗರು ಬಂದ್ರೆ ನೋಡ್ತಾರೆ."

ಅವ್ವನ ವಿಷಯ ಹಾಗಲ್ಲ. ಅವ್ವ ಹೊಸ ಪಂಚೆ, ಹೊಸ ಟವೆಲು ತರಿಸಿಟ್ಟಿದ್ದಳು. ಚಿತ್ರದ ಕೆಳಗಿನ ನೆಲ ಸಾರಿಸಿದ್ದಳು. ಈ ಸಲ ಕಳಸ ಬೇಡ, ಅಲ್ಲೇ ಎಡೆ ಎಂದಿದ್ದಳು. ಹೇಳಿದರೆ ಅವಳ ಗಂಡನನ್ನು ಎರಡನೇ ಸಲ ಕೊಂದ ಹಾಗೆ. ಹೇಳದಿದ್ದರೆ ಯಾವನೋ ಕ್ಯಾಪ್ಟನ್ನಿನ ಅಳತೆಗೋಲಿಗೆ ಕೋಳಿ ಸಾರು ಬಡಿಸಿದ ಹಾಗೆ. ಮೋಹನ್‌ಕುಮಾರ ಬೆಳಿಗ್ಗೆ ಹೇಳೋಣ ಎಂದುಕೊಂಡ, ಮಸಾಲೆ ಅರೆಯುವಾಗ ಹೇಳೋಣ ಎಂದುಕೊಂಡ, ಕೊನೆಗೆ ಹೇಡಿಯ ಹಾಗೆ ಬಾಳೆಯೆಲೆ ಒರೆಸುತ್ತ ಕೂತ.

ಎಡೆ ಬಡಿಸಿದರು. ಮುದ್ದೆ, ಕೋಳಿ ಸಾರು, ಅನ್ನ, ವಡೆ, ಕಜ್ಜಾಯ, ಎಲೆಯಡಿಕೆ, ಒಂದು ಕಟ್ಟು ಬೀಡಿ. ಹೊಸ ಬಟ್ಟೆ ಮಡಗಿ ಧೂಪ ಹಾಕಿದರು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಮುದ್ದಮ್ಮ ಬಾಗಿಲು ಮುಂದೆ ಮಾಡಿ ಜಗಲಿಯ ಮೇಲೆ ಕೂತಳು. ಮೋಹನ್‌ಕುಮಾರ ಪಕ್ಕದಲ್ಲಿ ಕೂತ. ಶೋಭಿತಾ ಅಂಗಳದಲ್ಲಿ ನಿಂತಳು. ಒಳಗೆ ಆ ಮನುಷ್ಯ ಒಬ್ಬನೇ ಎಲೆಯ ಮುಂದೆ ಇದ್ದಾನೆ ಎಂದು ನೆನೆದಾಗ ಮೋಹನ್‌ಕುಮಾರನಿಗೆ ತಡೆಯಲಾಗಲಿಲ್ಲ.

"ಅವ್ವಾ, ಒಳಗಿರೋನು ಅಪ್ಪ ಅಲ್ಲ ಕಣವ್ವ. ನಮ್ಮ ವಂಶದೋನೂ ಅಲ್ಲ. ಯಾರೋ ಏನೋ. ಆ ದೊರೆ ಎಲ್ಲಾ ಚಿತ್ರಕ್ಕೂ ಅವನ್ನೇ ಕೂರಿಸವ್ನೆ. ಮೂಗು ನಾನೇ ಮಾಡಿದ್ದು."

"ಗೊತ್ತು ಕಣ್ಲಾ" ಎಂದಳು ಮುದ್ದಮ್ಮ.

"ಗೊತ್ತಾ? ಯಾರು ಯೋಳುದ್ರು?"

"ಯಾರ್ಯಾಕೆ ಯೋಳ್ಬೇಕು? ಗಂಡನ್ನ ಕಂಡಿಲ್ವಾ ನಾನು? ನಿಮ್ಮಪ್ಪ ಆ ಗುಡಿಗೆ ದೂರ ನಿಂತು ಕೈ ಮುಗ್ದು ಬತ್ತಿದ್ದೋನು, ಜಗಲಿ ಮ್ಯಾಲೆ ಎಂಗೆ ಕುಂತಾನು? ಮೂಗಂತೂ ನಿಂದೇ, ನನ್ನ ತವರು ಮನೇದು."

"ಮತ್ತ್ಯಾಕೆ ಸುಮ್ಕಿದ್ದೆ? ಗ್ವಾಡೆಗೆ ಯಾಕೆ ಆಕಿಸ್ಕೊಂಡೆ?"

"ನಿಂಗೆ ಬೇಕಾಗಿತ್ತಲ್ಲ ಮಗಾ."

"ನಂಗಲ್ಲ ಕಣವ್ವ, ನಿಂಗೋಸ್ಕರ. ನೀನು ಅವನ ಮೊಕ ನೋಡ್ಲಿ ಅಂತ..."

ಮುದ್ದಮ್ಮ ಮಗನ ಕಡೆ ತಿರುಗಿದಳು.

"ನಂಗ್ಯಾಕ್ಲಾ ಫೋಟೋ? ನಾನು ನೋಡಿವ್ನಿ ಅವನ್ನ. ಈಗ್ಲೂ ಕಣ್ಣು ಮುಚ್ಚುದ್ರೆ ಕಾಣ್ತಾನೆ. ನೋಡ್ದೆ ಇರೋನು ನೀನು."

ಇಷ್ಟು ವರ್ಷ ಅವ್ವನಿಗಾಗಿ, ಅವ್ವನ ಕಣ್ಣಿಗಾಗಿ ಎಂದು ಹೇಳಿಕೊಂಡು ತಿರುಗಿದ್ದೆಲ್ಲ ಸುಳ್ಳು. ಅಪ್ಪನ ಮುಖ ಬೇಕಾಗಿದ್ದದ್ದು ಅವನಿಗೆ. ಐವತ್ತು ದಾಟಿದ ಗಂಡಸು ನನಗೆ ಅಪ್ಪ ಬೇಕು ಎಂದು ಹೇಗೆ ಹೇಳುವುದೆಂದು ನಾಚಿ, ಅವ್ವನ ಹೆಸರು ಹೇಳಿಕೊಂಡು, ಇನ್ನೂರು ವರ್ಷ ಹಿಂದಕ್ಕೆ ಹೋಗಿ, ದೊರೆಯ ಗಂಟು ಕೆದಕಿ ಬಂದಿದ್ದ. ಮುಖವನ್ನು ಕಂಡವಳು ಮನೆಯಲ್ಲೇ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು.

"ಇಳಿಸ್ಬುಡ್ಲಾ ಅವನ್ನ?" ಎಂದು ಕೇಳಿದ.

"ಯಾಕೆ? ಇರ್ಲಿ. ಲೋಕದಲ್ಲೆಲ್ಲಾ ಕೂರಿಸವ್ನೆ ಅಂತೀಯ, ಎಲ್ಲಾದ್ರೂ ಒಂದು ತುತ್ತು ಇಕ್ಕವ್ನಾ ಆ ದೊರೆ? ಉಣ್ಲಿ. ಅವನೂ ಯಾರಿಗೋ ಅಪ್ಪನಾಗಿದ್ದೋನು."

ಅಂಗಳದಿಂದ ಶೋಭಿತಾ, "ಅಜ್ಜಿ, ಬಾಗ್ಲು ತೆಗೀಲಾ?" ಎಂದಳು. ಮುದ್ದಮ್ಮ ಕೈಯಲ್ಲೇ ತಡಿ ಎಂದಳು.

"ಎಂಗಿದ್ದ ಅವ್ವ?" ಎಂದ ಮೋಹನ್‌ಕುಮಾರ.

"ಕರ್ರಗಿದ್ದ. ಕಿವಿ ದೊಡ್ಡವು, ಬಿಸ್ಲಿಗೆ ನಿಂತ್ರೆ ಅಂಚು ಕೆಂಪಗೆ ಕಾಣೋವು. ನಗು ಬಂದ್ರೆ ತಲೆ ಬಗ್ಗಿಸ್ಬುಡೋನು, ನಗೋದು ತಪ್ಪು ಅನ್ನಂಗೆ. ನೀನು ಉಟ್ದಾಗ ವಾರಗಟ್ಲೆ ನಿನ್ನ ಮುಟ್ಲೇ ಇಲ್ಲ."

"ಯಾಕವ್ವ?"

"ಅಂಗೈಯೆಲ್ಲಾ ಬಿರ್ಕು ಬುಟ್ಟಿತ್ತಲ್ಲ, ಗುದ್ಲಿ ಇಡ್ದು. ಕೂಸಿನ ಮೈ ಗೀರ್ತದೆ ಅನ್ನೋನು. ಸಂಜೆ ಬಂದು, ಕೈ ಎರಡೂ ಹಿಂದಕ್ಕೆ ಕಟ್ಕೊಂಡು, ಬಗ್ಗಿ ನಿನ್ನ ನೆತ್ತಿ ಮೂಸಿ ಓಗೋನು. ದಿನಾಲೂ. ಎಣ್ಣೆ ಒತ್ತಿದ ನೆತ್ತಿ ನೋಡು, ಅವನ ಮೂಗಿನ ತುದಿಗೆ ಎಣ್ಣೆ ಅತ್ಕೊಳೋದು. ಅಂಗೇ ಊರೆಲ್ಲಾ ತಿರುಗೋನು."

ಮೋಹನ್‌ಕುಮಾರ ಅಳತೊಡಗಿದ. ಮಗಳು ನೋಡುತ್ತಾಳೆ ಎಂದು ಮುಖ ಮುಚ್ಚಿಕೊಳ್ಳಲೂ ಇಲ್ಲ. ಮುದ್ದಮ್ಮ ಅವನ ಅರೆಬೋಳು ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಲಕ್ಕಯ್ಯನ ಇನ್ನೊಂದು ಸಂಗತಿ ಹೇಳತೊಡಗಿದಳು, ಅದು ಮುಗಿದ ಮೇಲೆ ಮತ್ತೊಂದು. ಒಳಗೆ ಸಾರು ಆರುತ್ತಿತ್ತು. ಬಾಗಿಲು ತೆಗೆಯಬೇಕೆಂಬುದು ಬಹಳ ಹೊತ್ತು ಯಾರಿಗೂ ನೆನಪಾಗಲಿಲ್ಲ.